ಗಟ್ಟಿಯಾಗಿ ಓದಬೇಕಾದ ಉಯಿಲು

ದೇವೀರಮ್ಮನವರ ಎಡಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಗುಂಡ್ಲುಪೇಟೆಯ ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತರು ಆ ಬೆರಳನ್ನು ಮೂರು ಸಲ ಮಸಿಯಲ್ಲಿ ಹೊರಳಿಸಿ ಮೂರು ಸಲ ಕಾಗದಕ್ಕೆ ಒತ್ತಿದರು. ಮೂರು ಸಲವೂ ಮೂಡಿದ್ದು ನೇರಳೆ ಹಣ್ಣಿನಂಥ ಒಂದು ಮಚ್ಚೆ. ಎಪ್ಪತ್ತು ವರ್ಷ ರಾಗಿ ಬೀಸಿ, ಬೆರಣಿ ತಟ್ಟಿ, ಹುಣಿಸೆಹಣ್ಣು ಬೂದಿ ಹಚ್ಚಿ ಪಾತ್ರೆ ಬೆಳಗಿದ ಬೆರಳು ತನ್ನ ಗುರುತನ್ನು ಆ ಮನೆಯಲ್ಲೇ ಎಲ್ಲೆಲ್ಲೋ ಬಿಟ್ಟು ಬಂದಿತ್ತು. ಗುಮಾಸ್ತರು ನನ್ನನ್ನು ನೋಡಿದ ರೀತಿಯಲ್ಲಿ, ಈ ಬೆರಳನ್ನು ಸವೆಸಿದವಳು ನಾನೇ ಎಂಬ ಆಕ್ಷೇಪಣೆಯಿತ್ತು.

ನನ್ನ ಕೆಲಸವೇ ಅಂಥದ್ದು. ಚಾಮರಾಜನಗರದಲ್ಲಿ ನಾನು ವಕೀಲಿ ಮಾಡುತ್ತೇನೆ. ವಕೀಲಿಯಲ್ಲೂ ಉಯಿಲು ಬರೆಯುವುದು ನನ್ನ ಪಾಲಿಗೆ ಬಂದ ಭಾಗ. ಉಳಿದ ವಕೀಲರ ಬಳಿ ಜನ ಜಗಳವಾದ ಮೇಲೆ ಬರುತ್ತಾರೆ, ನನ್ನ ಬಳಿ ಜಗಳವಾಗುವುದಕ್ಕೆ ಮೊದಲೇ ಬರುತ್ತಾರೆ. ಕೇಳುವುದಕ್ಕೆ ಇದು ಶಾಂತವಾದ ಕಸುಬಿನಂತಿದೆ. ನಾನೂ ಹಾಗೆಂದೇ ನಂಬಿದ್ದೆ. ನಮ್ಮ ವಕೀಲರ ಸಂಘದ ಕೋಣೆಯಲ್ಲಿ ಮಾತ್ರ ನನಗೆ ‘ಚಿತ್ರಗುಪ್ತನ ತಂಗಿ’ ಎಂಬ ಹೆಸರಿದೆ. ನನ್ನ ಎದುರಿಗೆ ಯಾರೂ ಹಾಗೆನ್ನುವುದಿಲ್ಲ. ನಾನು ಒಳಗೆ ಬಂದೊಡನೆ ಎಲ್ಲರೂ ಒಟ್ಟಿಗೆ ಪತ್ರಿಕೆ ಓದತೊಡಗುವುದರಿಂದ ನನಗೆ ತಿಳಿಯಿತು.

ನಾನು ಈ ಕೆಲಸಕ್ಕೆ ಬಂದದ್ದು ಪ್ರತಿಭೆಯಿಂದಲ್ಲ, ದನಿಯಿಂದ. ಗುಂಡ್ಲುಪೇಟೆಯ ಶಾಲೆಯಲ್ಲಿ ನಮ್ಮ ತಂದೆ ಮೇಷ್ಟರಾಗಿದ್ದರು. ಮೂವತ್ತು ವರ್ಷ ತರಗತಿಯಲ್ಲಿ ಕೂಗಿದವರ ಮನೆಯಲ್ಲಿ ಉಳಿದವರಿಗೆ ಕೂಗುವ ಅಗತ್ಯ ಬೀಳಲಿಲ್ಲ. ನಾನು ಮೆಲ್ಲಗೆ ಮಾತಾಡುತ್ತಲೇ ಬೆಳೆದೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಬೆಂಗಳೂರಿನಲ್ಲಿ ಕಾನೂನು ಓದುತ್ತೇನೆ ಎಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ಮನೆಗೆ ಬಂದ ನೆಂಟರಿಗೆ ‘ಬನ್ನಿ, ಕೂತುಕೊಳ್ಳಿ’ ಎನ್ನುವುದಕ್ಕೇ ಬಾಯಿ ಬಾರದವಳು ಕೋರ್ಟಿನಲ್ಲಿ ಏನು ಹೇಳುತ್ತಾಳೆ? ಆ ಪ್ರಶ್ನೆಗೆ ಉತ್ತರ ವಕೀಲಿ ಶುರುಮಾಡಿದ ಆರು ತಿಂಗಳಲ್ಲಿ ಸಿಕ್ಕಿತು. ಮುನ್ಸೀಫರು ನನ್ನ ಮೊದಲ ಮೂರು ವಾದಗಳನ್ನೂ ಎರಡೆರಡು ಸಲ ಹೇಳಿಸಿದರು. ನಾಲ್ಕನೆಯದನ್ನು ನನ್ನ ಹಿಂದೆ ನಿಂತಿದ್ದ ಜವಾನನೇ ಅವರಿಗೆ ದಾಟಿಸಿದ. ಅವನು ನನಗಿಂತ ಚೆನ್ನಾಗಿ ವಾದಿಸಿದನೆಂದು ಎದುರು ಪಕ್ಷದವರೇ ಹೇಳಿದರು.

ಅಂದು ಸಂಜೆ ನಮ್ಮ ಸೀನಿಯರ್ ಶ್ರೀಕಂಠಯ್ಯನವರು ನನ್ನನ್ನು ಕರೆದು, ನಶ್ಯದ ಡಬ್ಬಿಯನ್ನು ಎರಡು ಸಲ ತಟ್ಟಿ, ಬಹಳ ಮರ್ಯಾದೆಯಿಂದ ಹೇಳಿದರು: “ನೋಡಿಮ್ಮ, ನಿಮ್ಮ ದನಿ ಜಡ್ಜಿಗೆ ಕೇಳೋದಿಲ್ಲ. ಅದು ದೇವರು ಕೊಟ್ಟದ್ದು. ಯಾರಿಗೂ ಕೇಳಬಾರದಂಥ ಕೆಲಸ ನಮ್ಮಲ್ಲಿ ಬೇಕಾದಷ್ಟಿದೆ. ಅದನ್ನು ಮಾಡಿ.” ಹೀಗೆ ಉಯಿಲುಗಳ ಕಪಾಟಿನ ಬೀಗದ ಕೈ ನನ್ನ ಸೆರಗಿನ ತುದಿಗೆ ಬಂತು.

ಕೆಲಸಕ್ಕೆ ಬರವಿರಲಿಲ್ಲ. ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಪಾಲು ಕೊಡುವ ಹೊಸ ಕಾನೂನು ಬರುತ್ತದೆಂದು ಪತ್ರಿಕೆಗಳಲ್ಲಿ ದಿನವೂ ಸುದ್ದಿ. ಅದು ಬರುವ ಮೊದಲು ಬರೆದಿಟ್ಟುಬಿಡೋಣ ಎಂದು ಕೆಲವರು, ಬಂದ ಮೇಲೆ ಏನಾಗುತ್ತದೆಂದು ಕೇಳುವುದಕ್ಕೆ ಕೆಲವರು. ಹೆಣ್ಣುಮಕ್ಕಳಿಗೆ ಪಾಲು ತಪ್ಪಿಸುವ ಕಾಗದವನ್ನು ಹೆಣ್ಣುಮಗಳೊಬ್ಬಳ ಕೈಯಲ್ಲಿ ಬರೆಸುವುದರಲ್ಲಿ ಅವರಿಗೆ ಮುಜುಗರವೇನೂ ಕಾಣಲಿಲ್ಲ. ನನಗೆ ಕಂಡದ್ದನ್ನು ನಾನು ಹೇಳಲಿಲ್ಲ. ಅವರಿಗೆಲ್ಲ ಇದ್ದ ತೊಡಕು ಬೇರೆ. ಬರೆಸುವುದಕ್ಕೆ ಬಂದವರು ಯಾರೂ ‘ನಾನು ಸತ್ತ ಮೇಲೆ’ ಎನ್ನುವುದಿಲ್ಲ. ‘ಒಂದು ವೇಳೆ ನಾನು ತೀರಿಕೊಂಡರೆ’ ಎನ್ನುತ್ತಾರೆ. ಉಡಿಗಾಲದ ಒಬ್ಬ ಯಜಮಾನರ ಕಾಗದದಲ್ಲಿ ಆ ‘ಒಂದು ವೇಳೆ’ಯನ್ನು ನಾನು ಹೊಡೆದುಹಾಕಿದೆ, ಅದರಿಂದ ಅರ್ಥ ಸಡಿಲವಾಗುತ್ತದೆ ಎಂದು ವಿವರಿಸಿದೆ. ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, “ಇಷ್ಟು ಚಿಕ್ಕ ವಯಸ್ಸಿಗೆ ನಿಮಗೆ ಅದು ಅಷ್ಟು ಖಚಿತವಾಗಿ ಹೇಗೆ ಗೊತ್ತಾಯಿತು?” ಎಂದು ಎದ್ದುಹೋದರು. ಆಮೇಲೆ ನಾನು ಆ ಎರಡು ಪದಗಳನ್ನು ಮುಟ್ಟಲಿಲ್ಲ.

ಇಂಥ ದಿನಗಳಲ್ಲಿ ಹರದನಹಳ್ಳಿಯ ದೇವೀರಮ್ಮನವರು ಎತ್ತಿನ ಗಾಡಿಯಲ್ಲಿ ಬಂದು, ಕುಕ್ಕೆಯ ತುಂಬ ಅವರೆಕಾಯಿ ಇಳಿಸಿ, ನನ್ನ ಎದುರಿಗೆ ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ ಕೂತರು. ಹಣೆಯಲ್ಲಿ ಮೂರು ಬೆರಳ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಅವರು ಎಲ್ಲರನ್ನೂ ಬಿಟ್ಟು ನನ್ನನ್ನೇ ಹುಡುಕಿಕೊಂಡು ಬಂದದ್ದು ನನ್ನ ಮಿತಭಾಷೆಯ ಕೀರ್ತಿ ಕೇಳಿ. “ನೀನು ಮಾತೇ ಆಡಾಕಿಲ್ವಂತೆ ಕಣಮ್ಮಿ, ಅದ್ಕೇ ಬಂದಿ. ಇದು ಗುಟ್ಟಾಗಿರ್ಬೇಕು” ಎಂದರು. ಅದನ್ನು ಅವರು ಪಿಸುಮಾತಿನಲ್ಲಿ ಹೇಳುತ್ತಿದ್ದೇನೆಂದು ತಿಳಿದಿದ್ದರು. ಎದುರು ಬೀದಿಯ ಅಂಗಡಿಯಲ್ಲಿ ಎಣ್ಣೆ ಅಳೆಯುತ್ತಿದ್ದವನು ಕೈ ನಿಲ್ಲಿಸಿ ಈ ಕಡೆ ತಿರುಗಿದ. ದೇವೀರಮ್ಮನವರಿಗೆ ಕಿವಿ ಕೇಳುತ್ತಿರಲಿಲ್ಲ. ಕಿವಿ ಕೇಳದವರಲ್ಲಿ ಎರಡು ಬಗೆ: ಜಗತ್ತೆಲ್ಲ ತಮ್ಮನ್ನು ಕೇಳಿಸಿಕೊಳ್ಳುತ್ತಿದೆ ಎಂದು ಅಂಜುವವರು ಒಂದು ಬಗೆ, ಜಗತ್ತೂ ತಮ್ಮಷ್ಟೇ ಕಿವುಡೆಂದು ನೆಮ್ಮದಿಯಾಗಿರುವವರು ಇನ್ನೊಂದು ಬಗೆ. ಅವರು ಎರಡನೆಯವರು.

ವಿಷಯ ಸರಳವಾಗಿತ್ತು. ಮದುವೆಯಲ್ಲಿ ಅವರ ತಂದೆ ಅರಿಶಿನ ಕುಂಕುಮಕ್ಕೆಂದು ಎರಡು ಎಕರೆ ಹೊಲ ಕೊಟ್ಟಿದ್ದರು. ಅದು ಅವರ ಸ್ವಂತದ್ದು, ಯಾರಿಗೆ ಬೇಕಾದರೂ ಕೊಡಬಹುದು. ಇಬ್ಬರು ಗಂಡುಮಕ್ಕಳಲ್ಲಿ ಹಿರಿಯವರು ಶಿವಬಸಪ್ಪ, ಒಳ್ಳೆಯ ಬೇಸಾಯಗಾರರು. ಕಿರಿಯವನು ತನ್ನ ಪಾಲನ್ನು ಬೇರೆ ಮಾಡಿಕೊಂಡು ಮಾರಿ, ರೇಷ್ಮೆ ವ್ಯಾಪಾರದಲ್ಲಿ ಕಳೆದು, ಕಾಯಿಲೆಯಾಗಿ ಹೋಗಿಬಿಟ್ಟಿದ್ದ. ಅವನ ಹೆಂಡತಿ ಗೌರಿಗೆ ನನ್ನಷ್ಟೇ ವಯಸ್ಸು. ಮಕ್ಕಳಿಲ್ಲ, ತವರಿಲ್ಲ. ಅತ್ತೆಯ ಜೊತೆ ಭಾವನ ಮನೆಯಲ್ಲಿದ್ದಳು. ಹೊಲವನ್ನು ಅವಳಿಗೆ ಬರೆಯಬೇಕು, ತಮ್ಮ ಕಣ್ಣು ಮುಚ್ಚುವವರೆಗೆ ಶಿವಬಸಪ್ಪನಿಗೆ ತಿಳಿಯಬಾರದು. ತಿಳಿದರೆ ಗೌರಿಗೆ ಆ ಮನೆಯಲ್ಲಿ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎಂಬುದು ಅವರ ಭಯ. ‘ಇವತ್ತು ಊಟ ಹಾಕೋನು ಅವ್ನು, ನಾಳೆ ಅವಳ್ನ ಹೊರಗಾಕ್ಬುಟ್ರೆ?’ ಎಂದು ಅವರು ಕೇಳಿದರು. ನಾನು ಹೇಳಿದ ಸಮಾಧಾನ ಅವರಿಗೆ ಕೇಳಿಸಲಿಲ್ಲ.

ಬರೆಯುವುದು ನನಗೆ ಕಷ್ಟವಲ್ಲ. ಚೆಕ್ಕುಬಂದಿಯನ್ನು, ಎಂದರೆ ಹೊಲದ ನಾಲ್ಕು ದಿಕ್ಕಿನ ಗಡಿಯನ್ನು, ಹಳೆಯ ಪತ್ರ ನೋಡಿ ನಾನೇ ಬರೆದೆ. ಮೂಡಲಿಗೆ, ಪಡುವಲಿಗೆ, ಬಡಗಲಿಗೆ ಶಿವಬಸಪ್ಪನ ಜಮೀನು, ತೆಂಕಲಿಗೆ ಹಳ್ಳ. ಒಂದು ಅಕ್ಷರ ತಿದ್ದಿರಲಿಲ್ಲ. ಶ್ರೀಕಂಠಯ್ಯನವರು ಓದಿ, ಮುತ್ತು ಜೋಡಿಸಿದ ಹಾಗಿದೆ ಎಂದರು. ನಾನು ಒಂದು ದಿನವೆಲ್ಲ ಆ ಮಾತಿನ ಮೇಲೆಯೇ ಬದುಕಿದೆ.

ತೊಂದರೆ ಶುರುವಾದದ್ದು ಓದಿ ಹೇಳುವಾಗ. ಓದುಬರಹ ಬಾರದವರ ಉಯಿಲನ್ನು ಅವರಿಗೆ ಪೂರ್ತಿ ಓದಿ ಹೇಳಬೇಕು. ಅವರು ಕೇಳಿ, ಒಪ್ಪಿ, ಆಮೇಲೆ ಹೆಬ್ಬೆಟ್ಟು ಒತ್ತಬೇಕು. ಹಾಗೆ ಮಾಡದಿದ್ದರೆ ಮುಂದೆ ಕೋರ್ಟಿನಲ್ಲಿ ಯಾರಾದರೂ, ಮುದುಕಿಗೆ ಏನು ಬರೆದಿದೆಯೆಂದೇ ಗೊತ್ತಿರಲಿಲ್ಲ ಎನ್ನಬಹುದು. ನಾನು ಕೋಣೆಯ ಬಾಗಿಲು ಹಾಕಿ, ಅವರ ಕಿವಿಗೆ ಬಾಯಿಟ್ಟು ಓದಿದೆ. ಅವರು ನಕ್ಕರು, ಕಚಗುಳಿಯಾಯಿತೆಂದು. ಸ್ವಲ್ಪ ದೊಡ್ಡದಾಗಿ ಓದಿದೆ. ‘ಆಂ?’ ಎಂದರು. ಇನ್ನೂ ದೊಡ್ಡದಾಗಿ ಓದಿದೆ. ಪಕ್ಕದ ದರ್ಜಿಯ ಹೊಲಿಗೆ ಯಂತ್ರ ನಿಂತಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಎಂದೂ ನಿಲ್ಲದ ಯಂತ್ರ ಅದು. ಗೋಡೆಯ ಆಚೆಯ ಆ ನಿಶ್ಶಬ್ದವನ್ನು ಕೇಳಿ ನಾನು ಕಾಗದ ಮಡಿಸಿಟ್ಟೆ.

ಇಡೀ ಚಾಮರಾಜನಗರ ನನಗೆ ಒಂದು ದೊಡ್ಡ ಕಿವಿಯಂತೆ ಕಾಣತೊಡಗಿತು. ಇಲ್ಲಿನ ರಿಜಿಸ್ಟ್ರಾರ್ ಕಚೇರಿಯ ಮುಂದೆ ಮರದ ಕೆಳಗೆ ಕೂತು ಪತ್ರ ಬರೆಯುವವರಲ್ಲಿ ಇಬ್ಬರು ಶಿವಬಸಪ್ಪನ ಸ್ನೇಹಿತರು. ಉಯಿಲನ್ನು ಎಲ್ಲಿ ಬೇಕಾದರೂ ನೋಂದಾಯಿಸಬಹುದಲ್ಲ, ಗುಂಡ್ಲುಪೇಟೆಗೆ ಕರೆದುಕೊಂಡು ಹೋಗಿ ಎಂದರು ಶ್ರೀಕಂಠಯ್ಯನವರು. ಸಾಕ್ಷಿಗಳು ನಮ್ಮ ತಂದೆ ಮತ್ತು ಅವರ ಗೆಳೆಯರಾದ ಪೋಸ್ಟ್‌ಮಾಸ್ಟರು. ಇಬ್ಬರೂ ಸಂಜೆ ಎರಡು ಗಂಟೆ ಒಟ್ಟಿಗೆ ನಡೆದು ಎರಡು ಮಾತಾಡುವವರು. ಮನೆಯಲ್ಲಿ ನಂಜನಗೂಡಿನ ದೇವರ ದರ್ಶನಕ್ಕೆ ಹೋಗುತ್ತೇನೆಂದು ಹೇಳಿ ದೇವೀರಮ್ಮನವರು ನನ್ನ ಜೊತೆ ಬಸ್ಸು ಹತ್ತಿದರು. ದೇವರ ಹೆಸರಿನಲ್ಲಿ ಸುಳ್ಳಾಡಿದ್ದಕ್ಕೆ ಕರಡಿಗೆಯನ್ನು ಮುಟ್ಟಿ ತಪ್ಪೊಪ್ಪಿಕೊಂಡದ್ದು ಬಸ್ ನಿಲ್ದಾಣದಲ್ಲಿದ್ದ ಎಲ್ಲರಿಗೂ ಕೇಳಿಸಿತು.

ನಮಗೆ ಸಿಕ್ಕಿದ್ದು ಇಂಜಿನ್ನಿನ ಪಕ್ಕದ ಸೀಟು. ಆ ಬಸ್ಸಿನಲ್ಲಿ ಹಾರನ್ನು ಒಂದು ಬಿಟ್ಟು ಉಳಿದ ಎಲ್ಲ ಭಾಗಗಳೂ ಸದ್ದು ಮಾಡುತ್ತಿದ್ದವು. ತೆರಕಣಾಂಬಿ ಇನ್ನೂ ದೂರವಿತ್ತು. ನಾನು ಸುಮ್ಮನೆ, ನನಗೆ ನಾನೇ ಎಂಬಂತೆ, ಬಿಸಿಲು ಜೋರಾಗಿದೆ ಎಂದೆ. “ಊಂ ಕಣಮ್ಮಿ, ಈ ಸಲ ಹೆಚ್ಚೇಯ” ಎಂದರು ದೇವೀರಮ್ಮನವರು. ನಾನು ಬೆಚ್ಚಿ ಅವರ ಮುಖ ನೋಡಿದೆ. ಕೆಲವು ಕಿವುಡರಿಗೆ ಗದ್ದಲದ ನಡುವೆಯೇ ಚೆನ್ನಾಗಿ ಕೇಳಿಸುತ್ತದೆಂದು ಆಮೇಲೆ ಡಾಕ್ಟರೊಬ್ಬರು ಹೇಳಿದರು. ಅಂದು ನನಗೆ ಅದು ಪವಾಡದಂತೆಯೇ ಕಂಡಿತು. ಬಸ್ಸಿನಲ್ಲಿ ಪ್ರತಿಯೊಬ್ಬರೂ ಪಕ್ಕದವರ ಜೊತೆ ಕೂಗಿಕೊಂಡೇ ಮಾತಾಡುತ್ತಿದ್ದುದರಿಂದ ಯಾರ ಮಾತೂ ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ನಾನು ಚೀಲದಿಂದ ಉಯಿಲು ತೆಗೆದು, ಮೊದಲಿನಿಂದ ಕೊನೆಯವರೆಗೆ, ಹಳ್ಳಕೊಳ್ಳಗಳ ಕುಲುಕಾಟದಲ್ಲಿ ಒಂದೊಂದು ಸಾಲನ್ನು ಎರಡೆರಡು ಸಲ ಓದಿದೆ. ಅವರು ತಲೆಯಾಡಿಸಿ, ಒಂದು ಕಡೆ ತಡೆದು, ಗೌರಿಯ ತಂದೆಯ ಹೆಸರನ್ನು ತಿದ್ದಿಸಿದರು. ಯಾವ ಕೋರ್ಟಿನಲ್ಲೂ ನಾನು ಅಷ್ಟು ಚೆನ್ನಾಗಿ ಮಾತಾಡಿದ್ದಿಲ್ಲ. ತೆರಕಣಾಂಬಿ ಬರುವ ಹೊತ್ತಿಗೆ ನಾನು ಈ ವೃತ್ತಿಗೆಂದೇ ಹುಟ್ಟಿದವಳೆಂಬ ಭಾವನೆ ಬಂದುಬಿಟ್ಟಿತ್ತು.

ಅದು ಗುಂಡ್ಲುಪೇಟೆಯವರೆಗೂ ಉಳಿಯಿತು. ನಮ್ಮ ಮನೆಯಲ್ಲಿ ಹೆಬ್ಬೆಟ್ಟು, ಸಾಕ್ಷಿಗಳ ರುಜು ಎಲ್ಲ ಮುಗಿಸಿ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಅಲ್ಲಿ ನೋಂದಣಿ ಪುಸ್ತಕಕ್ಕೆ ಇನ್ನೊಂದು ಹೆಬ್ಬೆಟ್ಟು ಬೇಕಿತ್ತು. ಆ ನೇರಳೆ ಹಣ್ಣಿನ ಪ್ರಸಂಗ ನಡೆದದ್ದು ಆಗಲೇ. ಗುಮಾಸ್ತರು ಕೊನೆಗೆ ಸೋತು ಅದನ್ನೇ ಒಪ್ಪಿಕೊಂಡರು. ಉಳಿದದ್ದು ಒಂದೇ ವಿಧಿ. ಇದು ನೀವೇ ಬರೆಸಿದ್ದೇ, ಒಪ್ಪಿ ಬರೆಸಿದ್ದೇ ಎಂದು ಸಬ್ ರಿಜಿಸ್ಟ್ರಾರರು ಕೇಳಬೇಕು. ಅವರು ಸಭ್ಯರು. ಗುಟ್ಟಿನ ವಿಷಯವೆಂದು ನಾನು ಮೊದಲೇ ಹೇಳಿದ್ದರಿಂದ ಮುಂದಕ್ಕೆ ಬಾಗಿ ತುಂಬಾ ಮೆಲ್ಲಗೆ ಕೇಳಿದರು. ದೇವೀರಮ್ಮನವರಿಗೆ ತುಟಿ ಅಲ್ಲಾಡಿದ್ದು ಕಂಡಿತು. ಏನು ಕೇಳಿರಬಹುದೆಂದು ತಾವೇ ಊಹಿಸಿಕೊಂಡು, ಅವರೂ ಮುಂದಕ್ಕೆ ಬಾಗಿ, ತಮ್ಮ ಪಿಸುಮಾತಿನಲ್ಲಿ ಉತ್ತರ ಕೊಟ್ಟರು: “ಅರದನಳ್ಳಿ ಒಲವ ನಮ್ ಕಿರೀ ಸೊಸೆ ಗೌರಿಗೆ ಬರ್ದಿವ್ನಿ ಕಣಪ್ಪ. ನಮ್ ದೊಡ್ಮಗ ಶಿವಬಸಪ್ಪಂಗೆ ಮಾತ್ರ ಹೇಳ್ಬುಟ್ಟೀಯ.”

ಜಗಲಿಯಲ್ಲಿ ಸರದಿಗೆ ಕಾಯುತ್ತಿದ್ದ ಇಪ್ಪತ್ತು ಜನ ತಿರುಗಿದರು. ಅವರಲ್ಲಿ ಒಬ್ಬನನ್ನು ನಾನು ದೇವೀರಮ್ಮನವರು ಬಂದಿದ್ದ ಹರದನಹಳ್ಳಿಯ ಗಾಡಿಯ ಪಕ್ಕದಲ್ಲಿ ನೋಡಿದ್ದೆ. ಅವನು ಟವಲು ಹೆಗಲಿಗೆ ಹಾಕಿಕೊಂಡು, ತನ್ನ ಸರದಿಯನ್ನೂ ಬಿಟ್ಟು ಹೊರಟುಹೋದ.

ಆ ಮುಂದಿನ ಹದಿನೈದು ದಿನ ನಾನು ನನ್ನ ಕಾನೂನಿನ ಪುಸ್ತಕಗಳಲ್ಲಿ ಸಿಗದ ವಿಷಯವನ್ನೇ ಯೋಚಿಸಿದೆ. ಗೌರಿಯನ್ನು ನಾನು ನೋಡಿರಲಿಲ್ಲ. ಆದರೂ ಒಂದು ಟ್ರಂಕು ಹಿಡಿದು ಅವಳು ಬೀದಿಯಲ್ಲಿ ನಿಂತಿರುವುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಟ್ರಂಕಿನ ಬಣ್ಣ ಹಸಿರು, ಅದು ನನ್ನ ಹಾಸ್ಟೆಲಿನ ಟ್ರಂಕೆಂದು ಆಮೇಲೆ ಗುರುತು ಹತ್ತಿತು. ಅವಳು ಹೊರಗೆ ಬಿದ್ದರೆ ಎಲ್ಲಿ ಇರಿಸುವುದು, ಅಮ್ಮ ಏನೆನ್ನುತ್ತಾಳೆ ಎಂದೆಲ್ಲ ಲೆಕ್ಕ ಹಾಕಿದೆ. ಶಿವಬಸಪ್ಪನನ್ನೂ ನಾನು ನೋಡಿರಲಿಲ್ಲ. ಅವರಿಗೆ ನಾನು ದಪ್ಪ ಮೀಸೆ, ಕೆಂಪು ಕಣ್ಣು ಕೊಟ್ಟಿದ್ದೆ.

ಹದಿನಾರನೆಯ ದಿನ ಮಧ್ಯಾಹ್ನ ಮೀಸೆಯೇ ಇಲ್ಲದ, ತೆಳ್ಳಗಿನ ಒಬ್ಬರು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಾವು ಹರದನಹಳ್ಳಿಯ ಶಿವಬಸಪ್ಪ ಎಂದರು. ನಾನು ಎದ್ದು ನಿಂತು, ಕಕ್ಷಿದಾರರ ವಿಷಯ ಯಾರ ಬಳಿಯೂ ಆಡಲಾರೆನೆಂದೂ, ಉಯಿಲೆಂಬುದೊಂದು ಇದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಲಾರೆನೆಂದೂ ಒಂದೇ ಉಸಿರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ನನ್ನ ಅಪ್ಪಣೆ ಪಡೆದು ಬೆಂಚಿನ ತುದಿಯಲ್ಲಿ ಕೂತರು.

“ನೀವೇನೂ ಹೇಳ್ಬ್ಯಾಡಿ ಅಮ್ಮಾವ್ರೆ. ನಮ್ಮವ್ವ ದಿನಾ ಬೆಳಿಗ್ಗೆ ಅಂಗೈಲಿ ಲಿಂಗ ಮಡಿಕಂಡು ಪೂಜೆ ಮಾಡ್ತದೆ. ಶಿವನೇ, ಒಲವ ಗೌರಿಗೆ ಬರೀತೀನಿ, ಶಿವಬಸಂಗೆ ಗೊತ್ತಾಗ್ದಂಗೆ ನೋಡ್ಕೊ ಅಂತ ಕೇಳ್ಕೋತದೆ. ಶಿವಂಗಿಂತ ಮೊದ್ಲು ನಮ್ ಬೀದಿಗೇ ಕೇಳ್ಸ್ತದೆ. ಒಂದ್ ವರ್ಸ ಆಯ್ತು.”

ನಾನು ಕೂತೆ. ಗೌರಿಗೂ ಗೊತ್ತೇ ಎಂದು ಕೇಳಿದೆ. ಗೊತ್ತಂತೆ, ಪೂಜೆಯ ಹೊತ್ತಿಗೆ ಅವಳು ನಾಚಿಕೆಯಿಂದ ಕೊಟ್ಟಿಗೆಗೆ ಹೋಗಿಬಿಡುತ್ತಾಳಂತೆ. ಗುಂಡ್ಲುಪೇಟೆಯ ಸುದ್ದಿ ತಂದವನಿಗೆ ಮನೆಯವರು ಮಜ್ಜಿಗೆ ಕೊಟ್ಟು, ಇದು ಹಳೇ ಸುದ್ದಿಯೆಂದು ಕಳಿಸಿದರಂತೆ. ನಿಮಗೆ ಕೋಪ ಬರಲಿಲ್ಲವೇ ಎಂದು ನಾನು ಕೇಳಬಾರದಿತ್ತು, ಕೇಳಿದೆ.

“ಬರ್ಲಿಲ್ಲ ಅಂದ್ರೆ ಸುಳ್ಳಾಯ್ತದೆ. ಮೂರ್ ದಿನ ಅವ್ವನ್ ಜೊತೆ ಮಾತು ಬುಟ್ಟೆ. ಅವ್ವಂಗೆ ಕೇಳ್ಸಲ್ವಲ್ಲ, ಮಾತು ಬುಟ್ಟದ್ದೇ ಗೊತ್ತಾಗ್ನಿಲ್ಲ.” ಅವರು ಟವಲಿನಿಂದ ಮುಖ ಒರೆಸಿಕೊಂಡರು. ನಗು ಒರೆಸಿದರೋ ಬೆವರೋ ತಿಳಿಯಲಿಲ್ಲ. “ಆಮ್ಯಾಲೆ ನೋಡ್ದಿ. ಈ ಗುಟ್ಟು ಇಟ್ಕಂಡಾಗಿಂದ ಅವ್ವ ಎರಡೊತ್ತೂ ಸರ್ಯಾಗಿ ಉಣ್ತದೆ. ಇರ್ಲಿ ಬುಡು ಅಂದ್ಕಂಡಿ. ನಾ ಬಂದಿದ್ದು ಅದ್ಕಲ್ಲ. ಆ ಒಲಕ್ಕೆ ಓಗಾಕೆ ದಾರಿ ಎಲ್ಲದೆ, ಅಮ್ಮಾವ್ರೆ?”

ಮೂಡಲಿಗೆ, ಪಡುವಲಿಗೆ, ಬಡಗಲಿಗೆ ಶಿವಬಸಪ್ಪನ ಜಮೀನು, ತೆಂಕಲಿಗೆ ಹಳ್ಳ. ನನ್ನ ಮುತ್ತಿನಂಥ ಅಕ್ಷರಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಗೌರಿಗೆ ನಾನು ಕೊಡಿಸಿದ್ದು ಕಾಲಿಡುವುದಕ್ಕೆ ಜಾಗವಿಲ್ಲದ ಹೊಲ. ಹಳ್ಳದ ಕಡೆಯಿಂದ ಹೋಗುವುದಾದರೆ ಮಳೆಗಾಲದಲ್ಲಿ ಈಜು ಬರಬೇಕು.

“ಬರ್ದಿಲ್ಲ ಅಂತ ನಿಮ್ ಮಕ ನೋಡಿದ್ರೇ ತಿಳೀತದೆ, ನೀವು ಹೇಳ್ಬ್ಯಾಡಿ,” ಎಂದರು ಅವರು. ತಾವಿರುವವರೆಗೆ ಆ ಹುಡುಗಿಯನ್ನು ಯಾರೂ ತಡೆಯುವುದಿಲ್ಲ. ತಮ್ಮ ಇಬ್ಬರು ಗಂಡುಮಕ್ಕಳು ಮಾತ್ರ ಮುಂದೆ ಹೇಗೋ ಹೇಳಲಾಗದು, ನಾಳೆ ಅವರು ಅಡ್ಡ ಬೇಲಿ ಹಾಕಿದರೆ ಗೌರಿ ಕೋರ್ಟಿಗೆ ಅಲೆಯಬೇಕಾಗುತ್ತದೆ. ದಾರಿ ತಮ್ಮ ಜಮೀನಿನಲ್ಲಿರುವುದರಿಂದ ಅವ್ವ ಅದನ್ನು ಬರೆದುಕೊಡಲಾರಳು, ತಾವೇ ಕೊಡಬೇಕು. ಅದಕ್ಕೊಂದು ಪತ್ರ ಬೇಕು. ಅವ್ವನಿಗೆ ಮಾತ್ರ ತಿಳಿಯಬಾರದು. ಇಷ್ಟನ್ನೂ ನಾನು ಬರೆದುಕೊಂಡೆ. ಕೈ ಬರೆಯುತ್ತಿದ್ದರೂ ತಲೆಯೊಳಗೆ ನಾಚಿಕೆ ಕೂತಿತ್ತು. ಗುಟ್ಟು ಕಾಪಾಡುವ ಸಡಗರದಲ್ಲಿ ಆ ಹೊಲವನ್ನು ಬಲ್ಲ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಕೇಳಿರಲಿಲ್ಲ. ಕೇಳದೆ ಅವನಿಗೆ ಮೀಸೆ ಬರೆದಿದ್ದೆ.

ದಾರಿ ಎಷ್ಟು ಅಗಲ ಎಂದು ಕೇಳಿದೆ. ಒಂದು ಗಾಡಿ ಹೋಗುವಷ್ಟು ಎಂದರು. ನಾನು ಹಾಗೆಯೇ ಬರೆಯಲು ಹೊರಟಾಗ, ಬರಿಯ ಗಾಡಿಯೋ ಹುಲ್ಲು ಹೇರಿದ ಗಾಡಿಯೋ ಎಂದು ಅವರೇ ಕೇಳಿದರು. ಎರಡಕ್ಕೂ ವ್ಯತ್ಯಾಸವಿದೆಯೆಂದು ನನಗೆ ವಿಶ್ವವಿದ್ಯಾನಿಲಯ ಹೇಳಿಕೊಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆ ಜಟಕಾ ಮಾಡಿಕೊಂಡು ಹರದನಹಳ್ಳಿಗೆ ಹೋದೆ. ನಾನು ಅಷ್ಟು ವಿವರವಾಗಿ ಬರೆದಿದ್ದ ಹೊಲವನ್ನು ಅಂದೇ ಮೊದಲ ಸಲ ನೋಡಿದೆ. ಶಿವಬಸಪ್ಪ ಹುಲ್ಲು ಹೇರಿದ ಗಾಡಿಯನ್ನು ಬದುವಿನ ಪಕ್ಕ ನಿಲ್ಲಿಸಿ ಎತ್ತಿನ ಮೂಗುದಾರ ಹಿಡಿದಿದ್ದರು. ಹಗ್ಗದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಗೌರಿಯ ಕೈಯಲ್ಲಿ. ಅವಳು ನನಗಿಂತ ಎತ್ತರ, ಹಗ್ಗವನ್ನು ನನಗಿಂತ ನೆಟ್ಟಗೆ ಹಿಡಿಯುತ್ತಿದ್ದಳು. ಆರು ಮೊಳ ಬಂತು. ನಾನು ಬರೆದುಕೊಳ್ಳುತ್ತಿದ್ದಾಗ ದೇವೀರಮ್ಮನವರು ಕೋಲೂರಿಕೊಂಡು ಬದುವಿನ ಮೇಲೆ ಬಂದು, ನನ್ನನ್ನು ಕಂಡು ಗಾಬರಿಯಾಗಿ, ಹತ್ತಿರ ಬಾಗಿ ಪಿಸುಗುಟ್ಟಿದರು: “ಇವ್ನಿಗೆ ಗೊತ್ತಾಗೋಯ್ತೇನಮ್ಮಿ?” ದೂರದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ತಲೆಯೆತ್ತಿದರು. ಶಿವಬಸಪ್ಪ ಎತ್ತಿನ ಕೊರಳಿನಲ್ಲಿ ಏನನ್ನೋ ಬಹಳ ಎಚ್ಚರಿಕೆಯಿಂದ ಹುಡುಕತೊಡಗಿದರು. ಗೌರಿ ನೆಲ ನೋಡಿದಳು. ನಾನು ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಎರಡು ಕೈಗಳನ್ನೂ ಬಾಯಿಯ ಸುತ್ತ ಇಟ್ಟು, ಹುಟ್ಟಿದ ಮೇಲೆ ಮೊದಲ ಸಲ ಗಂಟಲು ಬಿರಿಯುವ ಹಾಗೆ, ಆಚೆ ಹಳ್ಳದವರೆಗೂ ಕೇಳುವ ಹಾಗೆ ಕೂಗಿದೆ:

“ಇಲ್ಲ ಅಜ್ಜಿ, ಯಾರಿಗೂ ಗೊತ್ತಿಲ್ಲ!”